ಸೊರಬದ ಹೋರಿಗಳೂ ಸೊರಬದ ವೀರರೂ

ಜೋಗವನ್ನು ನೋಡಲು ಬಂದ ಪ್ರವಾಸಿಗರು ಸಾಗರದಿಂದಲೇ ಹಿಂದಿರುಗುತ್ತಾರೆ. ಬನವಾಸಿಯನ್ನು ನೋಡಬೇಕೆನ್ನುವವರು ಶಿರಸಿಯ ದಾರಿ ಹಿಡಿಯುತ್ತಾರೆ. ಇವೆರಡರ ನಡುವೆ, ಸಾಗರದಿಂದ ಸುಮಾರು 30 ಕಿಲೋಮೀಟರು ಉತ್ತರಕ್ಕಿರುವ ಸೊರಬಕ್ಕೆ ಬರುವವರು ಕಡಮೆ. ಬಂದವರೂ ಚಂದ್ರಗುತ್ತಿಯ ರೇಣುಕಾಂಬೆಯ ದರ್ಶನ ಮಾಡಿ, ಗುಡವಿಯ ಕೆರೆಯಲ್ಲಿ ಹಕ್ಕಿಗಳನ್ನು ಕಂಡು, ಗುಡಿಗಾರರ ಗಂಧದ ಕೆತ್ತನೆಯನ್ನು ಮೆಚ್ಚಿ ಮರಳುತ್ತಾರೆ. ಆದರೆ ಈ ಸೀಮೆಯ ಜನರ ಮನಸ್ಸನ್ನು ಅರಿಯಬೇಕಾದರೆ ದೀಪಾವಳಿಯ ತರುವಾಯ ಬರಬೇಕು.

ದಂಡಾವತಿ ನದಿಯ ದಡದಲ್ಲಿರುವ ಈ ಊರಿಗೆ ‘ಸುರಭಿ’ ಎಂಬ ದೇವಧೇನುವಿನಿಂದ ಹೆಸರು ಬಂದಿತೆಂದು ಐತಿಹ್ಯ. ಐತಿಹ್ಯದ ಸತ್ಯಾಸತ್ಯತೆ ಹೇಗೇ ಇರಲಿ, ದನಕರುಗಳ ಮೇಲೆ ಇಲ್ಲಿಯವರಿಗಿರುವ ಮಮತೆಗೆ ಅದು ಒಪ್ಪುವ ಹೆಸರೇ ಸರಿ. ತಾಲ್ಲೂಕಿಗೆ ಎರಡು ಮುಖಗಳುಂಟು. ಪಶ್ಚಿಮಕ್ಕೆ ಅಡಿಕೆಯ ತೋಟಗಳು, ಮೆಣಸಿನ ಬಳ್ಳಿ ಹಬ್ಬಿದ ನಿತ್ಯಹಸುರಿನ ಕಾನುಗಳು. ಪೂರ್ವದಲ್ಲಿ ಆನವಟ್ಟಿ, ಜಡೆಗಳ ಕಡೆಗೆ ಸರಿದಂತೆ ಕಾಡು ತೆಳುವಾಗಿ ಹೊಲಗದ್ದೆಗಳು ತೆರೆದುಕೊಳ್ಳುತ್ತವೆ. ಮಾತಿನ ಧಾಟಿಯೂ ಹಾನಗಲ್ಲಿನ ಕಡೆಗೆ ವಾಲುತ್ತದೆ. ಶಿಕಾರಿಪುರ, ಹಾನಗಲ್ಲು, ಹಾವೇರಿಗಳವರೆಗೆ ಹಬ್ಬಿರುವ ಈ ಬಯಲೇ ಹೋರಿ ಹಬ್ಬದ ಸೀಮೆ.

ಹೋರಿ ಬೆದರಿಸುವ ಈ ಪಂದ್ಯವನ್ನು ಕಾಣದ ನಗರದ ವಾಚಕರಿಗೆ ಎರಡು ಮಾತು ಹೇಳಬೇಕು. ಇದು ಸ್ಪೇನಿನ ಗೂಳಿಕಾಳಗದಂತಲ್ಲ. ಇಲ್ಲಿ ಹೋರಿಯನ್ನು ಕೊಲ್ಲುವ ಮಾತಿಲ್ಲ. ಹುರುಳಿ, ಹತ್ತಿಕಾಳು ತಿನ್ನಿಸಿ, ಕೆರೆಯಲ್ಲಿ ಈಜಿಸಿ ಬೆಳೆಸಿದ ಹೋರಿಯ ಕೊರಳಿಗೆ ಕೊಬ್ಬರಿಯ ಹಾರಗಳನ್ನು ಕಟ್ಟಿ, ಬಣ್ಣದ ಜೂಲ ಹೊದಿಸಿ, ಕೊಂಬಿಗೆ ಬಲೂನು ರಿಬ್ಬನ್ನುಗಳನ್ನು ಸಿಂಗರಿಸಿ, ಜನರು ಕಿಕ್ಕಿರಿದ ಓಣಿಯಂಥ ಅಖಾಡದಲ್ಲಿ ಬಿಡುತ್ತಾರೆ. ಓಡುವ ಹೋರಿಗೆ ಅಡ್ಡ ಹಾಯ್ದು ಕೊಬ್ಬರಿಯನ್ನು ಹರಿದುಕೊಳ್ಳುವುದು ಯುವಕರ ಪಂಥ. ಯಾರ ಕೈಗೂ ಸಿಗದೆ ದಾಟಿ ಹೋಗುವುದು ಹೋರಿಯ ಹಿರಿಮೆ. ಒಂದೊಂದು ಹೋರಿಗೂ ಹೆಸರುಂಟು: ಕೆಲವಕ್ಕೆ ದೇವರದು, ಕೆಲವಕ್ಕೆ ಸಿನಿಮಾ ನಾಯಕರದು. ಹೆಸರಿನ ಹಿಂದೆ ಅಭಿಮಾನಿಗಳ ಸೈನ್ಯವೇ ಇರುತ್ತದೆ.

ಇಂಥ ಒಂದು ಋತು ಮುಗಿಯುತ್ತಿದ್ದ ಕಾಲದಲ್ಲಿ ಆನವಟ್ಟಿಯ ಒಂದು ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆ. ಪಕ್ಕದ ಮೇಜಿನಲ್ಲಿ ಏಳೆಂಟು ಜನ ಒಂದು ಪತ್ರಿಕೆಯ ಹಾಳೆಯ ಮೇಲೆ ಬಾಗಿದ್ದರು. ಆ ವರ್ಷದ ಪಂದ್ಯಗಳನ್ನೆಲ್ಲ ನೋಡಿದ್ದ ವರದಿಗಾರನೊಬ್ಬ ವಿಭಾಗವಾರು ಸ್ಥಾನಗಳನ್ನು ಹಂಚಿ ಬರೆದಿದ್ದನಂತೆ: ಕೊಬ್ಬರಿ ಹೋರಿಗಳಲ್ಲಿ ಮೊದಲಿನ ಐದು, ಸಿಂಗಾರದಲ್ಲಿ ಮೊದಲಿನ ಐದು, ಹೋರಿ ಹಿಡಿಯುವ ಪೈಲ್ವಾನರಲ್ಲಿ ಮೊದಲಿನ ಐದು. ವಿದ್ವತ್ಸಭೆಯಲ್ಲಿ ಪಾಠಾಂತರದ ಬಗ್ಗೆ ನಡೆಯುವ ಜಗಳವನ್ನು ನಾನು ಕಂಡಿದ್ದೇನೆ. ಇದು ಅದಕ್ಕಿಂತ ಕಡಮೆಯದಾಗಿರಲಿಲ್ಲ.

ಮೊದಲ ಸ್ಥಾನದ ಹೋರಿ ಆ ಸಾಲಿನಲ್ಲಿ ಒಮ್ಮೆಯೂ ಕೊಬ್ಬರಿ ಬಿಟ್ಟುಕೊಟ್ಟಿಲ್ಲವೆಂದು ಒಬ್ಬ ವಾದಿಸಿದ. ಅಗಲವಾದ ಅಖಾಡದಲ್ಲಿ ಓಡಿದ್ದೇನು ಹೆಚ್ಚು, ಇಕ್ಕಟ್ಟಿನ ಓಣಿಯಲ್ಲಿ ಓಡಿಸಿ ನೋಡಿ ಎಂದು ಮತ್ತೊಬ್ಬ ಪ್ರತಿವಾದಿಸಿದ. ಹತ್ತು ವರ್ಷದ ಹಿಂದಿನ ಒಂದು ಹೋರಿಯ ಮುಂದೆ ಇವೆಲ್ಲ ಕರುಗಳೆಂದ ಮೂರನೆಯವನು. ಆಗ ಅದುವರೆಗೆ ಸುಮ್ಮನಿದ್ದ ಹಿರಿಯ ರೈತರೊಬ್ಬರು ನನ್ನ ಕಡೆ ತಿರುಗಿದರು.

“ಮೇಷ್ಟ್ರೇ, ಓಡೋದು ಒಂದು ಗುಣ. ಅಷ್ಟು ಮಂದಿ ಅಡ್ಡ ಬಂದರೂ ಕೊಂಬು ಹಾಕದಂಗ ಓಡೋದು ಇನ್ನೊಂದು ಗುಣ. ಬರದಾವಂಗ ಮೊದಲನೇದು ಕಂಡೈತಿ, ಎರಡನೇದು ಕಂಡಿಲ್ಲ.”

ಪೈಲ್ವಾನರ ಸರದಿ ಬಂದಾಗ ವಾದ ಇನ್ನಷ್ಟು ಕಾವೇರಿತು. ಹೋರಿಯನ್ನು ಹಿಡಿಯುವುದು ಒಬ್ಬನ ಕೆಲಸವಲ್ಲ. ಮುಂದೆ ನಿಂತವನು ಎದೆಗೊಟ್ಟು ಅದರ ವೇಗವನ್ನು ಮುರಿಯುತ್ತಾನೆ. ಇನ್ನೊಬ್ಬ ಕೊರಳಿಗೆ ಜೋತು ಬೀಳುತ್ತಾನೆ. ಕೊನೆಗೆ ಕೈ ಹಾಕಿದವನಿಗೆ ಕೊಬ್ಬರಿ ಸಿಗುತ್ತದೆ. ಪಟ್ಟಿಯಲ್ಲಿದ್ದ ಐವರೂ ಕೊಬ್ಬರಿ ಹರಿದವರೇ. “ಮೊದಲು ನಿಂತಾವ ಎಲ್ಲಿ?” ಎಂದು ಒಬ್ಬ ಯುವಕ ಕೇಳಿದ. ಅವನ ಮೊಣಕೈಗೆ ಪಟ್ಟಿ ಕಟ್ಟಿತ್ತು. ಯಾರೂ ಉತ್ತರ ಹೇಳಲಿಲ್ಲ.

ಈ ಪ್ರಶ್ನೆ ಸೊರಬದ್ದು ಮಾತ್ರವಲ್ಲ. ಫುಟ್‌ಬಾಲಿನ ಲೋಕದಲ್ಲಿ ಸ್ಥಾನಕ್ಕೆ ತಕ್ಕಂತೆ ಆಟಗಾರರನ್ನು ತೂಗಿ ಪಟ್ಟಿ ಬರೆಯುವ ಪತ್ರಕರ್ತರೂ, ಅದನ್ನು ಒಪ್ಪದೆ ರಾತ್ರಿಯೆಲ್ಲ ವಾದಿಸುವ ಅಭಿಮಾನಿಗಳೂ ಲಕ್ಷಗಟ್ಟಲೆ ಇದ್ದಾರೆ. ಫ್ರಾನ್ಸಿನ ಕ್ರೀಡಾಪತ್ರಿಕೆಯೊಂದು 1956ರಲ್ಲಿ ಆರಂಭಿಸಿದ ‘ಬ್ಯಾಲನ್ ಡಿ ಓರ್’ ಎಂಬ ಚಿನ್ನದ ಚೆಂಡಿನ ಪ್ರಶಸ್ತಿ ಅತ್ಯಂತ ಪ್ರತಿಷ್ಠಿತವಾದುದು. ಇಷ್ಟು ವರ್ಷಗಳಲ್ಲಿ ಅದು ಗೋಲು ಕಾಯುವವನಿಗೆ ದೊರೆತದ್ದು ಒಂದೇ ಒಂದು ಸಲ: 1963ರಲ್ಲಿ, ರಷ್ಯದ ಲೆವ್ ಯಾಷಿನ್‌ಗೆ. ಗೋಲು ಹೊಡೆದವನು ಎಲ್ಲರ ಕಣ್ಣಿಗೂ ಬೀಳುತ್ತಾನೆ. ತಡೆದವನನ್ನು ಕಾಣಲು ಆಟವನ್ನು ಬಲ್ಲ ಕಣ್ಣು ಬೇಕು.

ಹೋಟೆಲಿನಿಂದ ಹೊರಬಿದ್ದ ಮೇಲೂ ಆ ಯುವಕನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೊಂದು ಉತ್ತರ ಈ ತಾಲ್ಲೂಕಿನಲ್ಲಿಯೇ, ಶತಮಾನಗಳಿಂದ ಬಿಸಿಲುಮಳೆಗಳಲ್ಲಿ ನಿಂತಿದೆ. ಗುಡಿಗಳ ಮುಂದೆ, ಕೆರೆಯ ಏರಿಗಳ ಮೇಲೆ ಕಾಣುವ ವೀರಗಲ್ಲುಗಳೇ ಆ ಉತ್ತರ. ಶಾಸನಗಳ ಸಂಖ್ಯೆಯಲ್ಲಿ ಸೊರಬ ಬಹು ಶ್ರೀಮಂತವಾದ ಸೀಮೆ; ಬಿ. ಎಲ್. ರೈಸ್ ಅವರು 1904ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 8ನೆಯ ಸಂಪುಟದಲ್ಲಿ ಈ ತಾಲ್ಲೂಕಿನ ನೂರಾರು ಶಾಸನಗಳಿವೆ. ಅವುಗಳಲ್ಲಿ ವೀರಗಲ್ಲುಗಳು ಹೇರಳ.

ವೀರಗಲ್ಲನ್ನು ಓದುವ ಕ್ರಮ ಸರಳವಾದುದು. ಸಾಮಾನ್ಯವಾಗಿ ಮೂರು ಅಂಕಣಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ, ನಡುವೆ ಮಡಿದವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಊರಿನ ದನಗಳನ್ನು ಶತ್ರುಗಳು ಅಟ್ಟಿಕೊಂಡು ಹೋದಾಗ ಬೆನ್ನಟ್ಟಿ ಬಿಡಿಸಿ ಮಡಿದವರ ಕಲ್ಲುಗಳನ್ನು ‘ತುರುಗೊಳ್’ ಕಲ್ಲುಗಳೆನ್ನುತ್ತಾರೆ. ಅಂಥ ಕಲ್ಲುಗಳಲ್ಲಿ ವೀರನ ಪಕ್ಕದಲ್ಲಿ ದನಗಳ ಸಾಲನ್ನೂ ಕಂಡರಿಸಿರುವುದುಂಟು. ಬರಹವಿರುವ ಕಲ್ಲಿನಲ್ಲಿ ಬಹುಮಟ್ಟಿಗೆ ಆಳುತ್ತಿದ್ದ ಅರಸನ ಹೆಸರು, ಕಾಳಗದ ಸಂದರ್ಭ, ಮಡಿದವನ ಹೆಸರು, ಕಲ್ಲನ್ನು ನಿಲ್ಲಿಸಿದವರ ಹೆಸರು ದೊರೆಯುತ್ತವೆ. ವೀರರಲ್ಲಿ ಯಾರು ಮೊದಲಿಗ, ಯಾರು ಎರಡನೆಯವನು ಎಂಬ ಲೆಕ್ಕ ಅಲ್ಲಿಲ್ಲ. ಅರಸನಲ್ಲದ, ದಂಡನಾಯಕನೂ ಅಲ್ಲದ, ಊರಿನ ಸಾಮಾನ್ಯ ಗೌಡನ ಮಗನಿಗೂ ಒಂದು ಕಲ್ಲು. ಅವನ ಹೆಸರು ಅವನದೇ.

ಕಲ್ಲು ನೆಟ್ಟರೆ ಸಾಲದೆಂಬ ಅರಿವೂ ಆ ಜನಕ್ಕಿದ್ದಿತು. ಮಡಿದವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿಯಿತ್ತು. ಅದಕ್ಕೆ ‘ನೆತ್ತರುಗೊಡಗೆ’ ಎಂದು ಹೆಸರು. ಊರಿಗಾಗಿ ಹೋದ ಪ್ರಾಣದ ಹೊಣೆ ಊರಿನದೇ ಎಂಬ ನ್ಯಾಯ ಈ ಒಂದು ಪದದಲ್ಲಿ ಅಡಗಿದೆ.

ಇದನ್ನು ಇಲ್ಲಿ ನೆನೆಯಲು ಕಾರಣವುಂಟು. ಹೋರಿ ಹಬ್ಬ ಉಲ್ಲಾಸದ್ದೇ ಆದರೂ ಪ್ರಾಣಹಾನಿಯ ಸುದ್ದಿಯೂ ಅದರೊಡನೆ ಬರುತ್ತದೆ. 2022ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ, 2025ರ ದೀಪಾವಳಿಯಲ್ಲಿ ಹಾವೇರಿ ಜಿಲ್ಲೆಯಲ್ಲಿ ಹೋರಿ ತಿವಿದು ಜನ ಸತ್ತರು. ಸತ್ತವರಲ್ಲಿ ಹೋರಿ ಹಿಡಿಯಲು ಹೋಗದೆ ಸುಮ್ಮನೆ ನೋಡುತ್ತಿದ್ದವರೂ ಇದ್ದರು. ಇಂಥ ಕ್ರೀಡೆಗಳು ನ್ಯಾಯಾಲಯದ ಮೆಟ್ಟಿಲನ್ನೂ ಏರಿವೆ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಜಲ್ಲಿಕಟ್ಟನ್ನು ನಿಷೇಧಿಸಿತು. 2017ರಲ್ಲಿ ಕರ್ನಾಟಕವು ಕಂಬಳ, ಎತ್ತಿನ ಓಟಗಳಿಗಾಗಿ ಕಾಯಿದೆಗೆ ತಿದ್ದುಪಡಿ ಮಾಡಿತು. 2023ರ ಮೇ 18ರಂದು ಸಂವಿಧಾನ ಪೀಠವು ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಕಾಯಿದೆ ಆಟವನ್ನು ಉಳಿಸಬಲ್ಲುದು. ಬೇಲಿಯ ಬದಿಗೆ ನಿಂತ ಮುದುಕನನ್ನೂ ಮಗುವನ್ನೂ ಉಳಿಸುವುದು ಊರಿನವರ ಎಚ್ಚರಿಕೆಯೊಂದೇ.

ಪಟ್ಟಿ ಬರೆಯುವುದು ತಪ್ಪೆಂದು ನಾನು ಹೇಳಲಾರೆ. ಯಾವುದು ಹೆಚ್ಚು, ಯಾವುದು ಕಡಮೆ ಎಂದು ವಾದಿಸುವಾಗಲೇ ಜನ ತಮಗೆ ಬೇಕಾದ ಗುಣ ಯಾವುದೆಂಬುದನ್ನು ಕಂಡುಕೊಳ್ಳುತ್ತಾರೆ. ಕೊಂಬು ಹಾಕದೆ ಓಡುವ ಹೋರಿಯನ್ನು ಮೆಚ್ಚಿದ ಆ ಹಿರಿಯರ ತೂಕ ವರದಿಗಾರನದಕ್ಕಿಂತ ಸೂಕ್ಷ್ಮವಾದುದು. ಅದಕ್ಕೆ ಮೊದಲ ಬಹುಮಾನವಿಟ್ಟರೆ ಹೋರಿಯನ್ನು ಕೆರಳಿಸುವ ಬದಲು ಪಳಗಿಸುವವರು ಹೆಚ್ಚುತ್ತಾರೆ. ಮುಂದೆ ನಿಂತು ಎದೆಗೊಟ್ಟವನಿಗೂ ಒಂದು ಸಾಲು ಸಲ್ಲಬೇಕು. ಬಹುಮಾನಕ್ಕಾಗಿ ಮೋಟಾರುಸೈಕಲ್ಲನ್ನೂ ಬಂಗಾರದ ಉಂಗುರವನ್ನೂ ಕೊಡಬಲ್ಲ ಸಮಿತಿಗಳು ಗಟ್ಟಿಯಾದ ಬೇಲಿಗೆ, ಅಖಾಡದ ಬಳಿಯ ಆಂಬುಲೆನ್ಸಿಗೆ, ಪೆಟ್ಟು ತಿಂದವರ ಮನೆಗೆ ನೆರವಾಗುವ ವಿಮೆಗೆ ಒಂದಿಷ್ಟು ಹಣವನ್ನು ತೆಗೆದಿರಿಸುವುದು ಕಷ್ಟವಾಗಲಾರದು. ನೆತ್ತರುಗೊಡಗೆಯನ್ನು ಬಲ್ಲ ನಾಡಿಗೆ ಇದು ಹೊಸ ಮಾತೇನೂ ಅಲ್ಲ.