ಎರಡು ಮೆಟ್ಟಿಲಿಳಿದ ನಕ್ಷತ್ರ

ಮಂಗಳೂರಿನಲ್ಲಿ ಆಕಾಶ ನೋಡುವ ಹವ್ಯಾಸ ಇಟ್ಟುಕೊಂಡವನಿಗೆ ವರ್ಷದಲ್ಲಿ ನಾಲ್ಕೂವರೆ ತಿಂಗಳು ಕಡ್ಡಾಯ ರಜೆ. ಜೂನ್ ಮೊದಲ ವಾರ ಮೋಡ ಕವಿಯಿತೆಂದರೆ ಮತ್ತೆ ನೆಮ್ಮದಿಯಿಂದ ನಕ್ಷತ್ರ ಕಾಣಿಸುವುದು ನವರಾತ್ರಿ ಕಳೆದ ಮೇಲೆಯೇ. ಉಳಿದ ತಿಂಗಳುಗಳಲ್ಲೂ ಸುಖವೇನಿಲ್ಲ. ಪಡುವಣದಲ್ಲಿ ಕಡಲ ಆವಿ, ಉತ್ತರದಲ್ಲಿ ಪಣಂಬೂರು ಬಂದರಿನ ದೀಪಗಳು, ಅದರಾಚೆ ರಿಫೈನರಿಯ ಜ್ವಾಲೆ, ನೆತ್ತಿಯ ಮೇಲೆ ಹೊಸ ಹೊಸ ವಸತಿ ಸಮುಚ್ಚಯಗಳು. ನಾನು ಮೇಷ್ಟ್ರಾಗಿ ಸೇರಿದಾಗ ಊರ್ವದ ನಮ್ಮ ತಾರಸಿಯಿಂದ ಕೃತ್ತಿಕೆಯ ಆರು ನಕ್ಷತ್ರ ಬರಿಗಣ್ಣಿಗೆ ಸಿಗುತ್ತಿದ್ದವು. ಈಗ ನಾಲ್ಕು ಸಿಕ್ಕರೆ ಆ ದಿನ ಹಬ್ಬ. ನನ್ನ ಕಣ್ಣಿನ ವಯಸ್ಸೂ ಇದರಲ್ಲಿ ಪಾಲುದಾರ ಎನ್ನುವುದು ನನ್ನ ಹೆಂಡತಿಯ ವಾದ.

ಆದರೆ ಚಂದ್ರನಿಗೆ ಈ ದೀಪಗಳ ಹಂಗಿಲ್ಲ. ನಮ್ಮಂಥ ಊರಿನವರು ಮಾಡಬಹುದಾದ ಒಂದು ಕೆಲಸವನ್ನು ಅವನು ಉಳಿಸಿಕೊಟ್ಟಿದ್ದಾನೆ. ಆಕಾಶದಲ್ಲಿ ಅವನು ಗಂಟೆಗೆ ಸುಮಾರು ತನ್ನ ವ್ಯಾಸದಷ್ಟು ಪೂರ್ವಕ್ಕೆ ಸರಿಯುತ್ತಾನೆ. ಸರಿಯುವ ದಾರಿಯಲ್ಲಿ ಸಿಕ್ಕಿದ ನಕ್ಷತ್ರಗಳನ್ನು ಮರೆಮಾಡುತ್ತಾನೆ. ಇದಕ್ಕೆ ಆಚ್ಛಾದನೆ ಎಂದು ಹೆಸರು. ಶುಕ್ಲಪಕ್ಷದಲ್ಲಾದರೆ ಮುಂದಿರುವುದು ಅವನ ಕತ್ತಲೆಯ ಅಂಚು. ಕಾಣದ ಆ ಅಂಚಿಗೆ ತಾಗಿದ ನಕ್ಷತ್ರ ಸ್ವಿಚ್ ಆರಿಸಿದಂತೆ ಥಟ್ಟನೆ ಇಲ್ಲವಾಗುತ್ತದೆ. ಮೊದಲ ಸಲ ನೋಡಿದವರು 'ಹಾ' ಎನ್ನದೆ ಇದ್ದದ್ದನ್ನು ನಾನು ಕಂಡಿಲ್ಲ.

ಯಾಕೆ ಥಟ್ಟನೆ? ಮಕ್ಕಳಿಗೆ ಇದನ್ನು ಹೇಳಲು ನಾನು ಅವರನ್ನು ತಣ್ಣೀರುಬಾವಿ ಕಡಲ ತೀರಕ್ಕೆ ಕರೆದೊಯ್ಯುತ್ತಿದ್ದೆ. ರಾತ್ರಿ ದೂರದಲ್ಲಿ ಮೀನಿನ ಬೋಟುಗಳ ದೀಪಗಳು ಸಾಲಾಗಿ ಕಾಣುತ್ತವೆ. ನಡುವೆ ಒಂದು ಹಡಗು ಹಾದುಹೋದರೆ ಅದರ ಮೈ ದೀಪವನ್ನು ಒಮ್ಮೆಗೇ ನುಂಗುತ್ತದೆ. ಅದೇ ಹಡಗಿನ ಹೊಗೆ ಅಡ್ಡ ಬಂದರೆ ದೀಪ ಮಂಕಾಗಿ, ಇನ್ನೂ ಮಂಕಾಗಿ, ಆಮೇಲೆ ಹೋಗುತ್ತದೆ. ಚಂದ್ರನಿಗೆ ಗಾಳಿಯ ಹೊದಿಕೆ ಇಲ್ಲ. ಇದ್ದಿದ್ದರೆ ನಕ್ಷತ್ರ ಸಾಯುವುದಕ್ಕೆ ಮೊದಲು ಸೊರಗುತ್ತಿತ್ತು. ದೀಪ ಹೇಗೆ ಆರಿತು ಎನ್ನುವುದರಿಂದ ಆರಿಸಿದವನ ಗುಣ ತಿಳಿಯುತ್ತದೆ.

ಸುಮಾರು 15 ವರ್ಷಗಳ ಹಿಂದಿನ ಮಾತು. ಮಾಘ ಮಾಸದ ಒಂದು ಶುಕ್ಲಪಕ್ಷದ ರಾತ್ರಿ, ಚಂದ್ರ ಮಿಥುನ ರಾಶಿಯಲ್ಲಿದ್ದ. ಶಾಲೆಯ ಮೂರಿಂಚಿನ ದೂರದರ್ಶಕ ನಮ್ಮ ತಾರಸಿಯಲ್ಲಿತ್ತು. ಹತ್ತನೆಯ ತರಗತಿಯ ನಾಲ್ಕು ಹುಡುಗರು ಬಂದಿದ್ದರು. ಒಬ್ಬ ಬೆಂಗ್ರೆಯವನು. ಮಂಗಳೂರನ್ನು ಬಲ್ಲದವರಿಗೆ ಹೇಳುವುದಾದರೆ, ಗುರುಪುರ ನದಿ ಕಡಲಿಗೆ ಸೇರುವ ಮೊದಲು ಕಡಲಿಗೆ ಸಮಾನಾಂತರವಾಗಿ ಹರಿಯುತ್ತದೆ. ನದಿಗೂ ಕಡಲಿಗೂ ನಡುವೆ ಉಳಿದ ಮರಳಿನ ಪಟ್ಟಿಯೇ ಬೆಂಗ್ರೆ. ಬಂದರಿನ ದಕ್ಕೆಯಿಂದ ಫೆರಿ ದೋಣಿಯಲ್ಲಿ ದಾಟಬೇಕು. ರಾತ್ರಿ ದೋಣಿ ತಪ್ಪುತ್ತದೆಂದು ಅವನು ಅಂದು ನಮ್ಮಲ್ಲೇ ಕುಚ್ಚಲಕ್ಕಿ ಗಂಜಿ ಉಂಡು ಉಳಿದಿದ್ದ. ತಂದೆ ಟ್ರಾಲ್‌ಬೋಟಿನಲ್ಲಿ ಕೆಲಸಕ್ಕೆ ಹೋಗುವವರು. ಹುಡುಗನ ಕಣ್ಣು ಎಷ್ಟು ಚುರುಕೆಂದರೆ, ಕಪ್ಪು ಹಲಗೆಯ ಮೇಲೆ ನಾನು ಮಾಡಿದ ತಪ್ಪು ನನಗಿಂತ ಮೊದಲು ಅವನಿಗೆ ಕಾಣುತ್ತಿತ್ತು.

ಆಕಾಶವಾಣಿಯ ಸುದ್ದಿಗೆ ಮೊದಲು ಬರುವ 'ಪೀಂ ಪೀಂ' ಸದ್ದಿಗೆ ಗಡಿಯಾರ ಹೊಂದಿಸಿಕೊಂಡು ನಾನು ಸ್ಟಾಪ್‌ವಾಚ್ ಹಿಡಿದು ಕುಳಿತಿದ್ದೆ. ದೂರದರ್ಶಕಕ್ಕೆ ಕಣ್ಣಿಟ್ಟವನು ಅವನೊಬ್ಬನೇ; ಒಂದು ಕೊಳವೆ, ಒಂದು ಕಣ್ಣು. ನಕ್ಷತ್ರ ಹೆಸರಿಲ್ಲದ್ದು, ಪಟ್ಟಿಯಲ್ಲಿ ಸಂಖ್ಯೆ ಮಾತ್ರ. 'ಹೋಯ್ತು' ಎಂದ. ನಾನು ಒತ್ತಿದೆ. ಕೂಡಲೇ 'ಇಲ್ಲ ಸರ್, ಈಗ ಹೋಯ್ತು' ಎಂದ.

'ಎಂತ ಮಾರಾಯ, ಒಂದು ನಕ್ಷತ್ರ ಎಷ್ಟು ಸಲ ಹೋಗುವುದು?'

'ಮೊದಲು ಅರ್ಧ ಹೋಯ್ತು ಸರ್. ಒಂದು ಮೆಟ್ಟಿಲು ಇಳಿದ ಹಾಗೆ. ಮತ್ತೆ ಉಳಿದದ್ದು.'

ಕಣ್ಣು ಮಿಟುಕಿಸಿರಬೇಕು ಎಂದೆ. ಇಲ್ಲವೆಂದ. ನೋಟ್‌ಬುಕ್ಕಿನಲ್ಲಿ ಅವನು ಎರಡು ಮೆಟ್ಟಿಲಿನ ಪುಟ್ಟ ಚಿತ್ರವನ್ನೂ ಬರೆದ. ಮರುದಿನ ನಾನು ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿ, 'ಚಂದ್ರನಿಗೆ ವಾತಾವರಣವಿಲ್ಲ. ಗಮನವಿಟ್ಟು ನೋಡು' ಎಂದು ಷರಾ ಬರೆದೆ. ಅವನು ಏನೂ ಹೇಳಲಿಲ್ಲ. ತಾರಸಿಗೆ ಮತ್ತೆ ಬರಲೂ ಇಲ್ಲ. ಪರೀಕ್ಷೆ ಹತ್ತಿರ ಬಂತಲ್ಲ, ಅದಕ್ಕೇ ಇರಬೇಕೆಂದು ನಾನು ಸಮಾಧಾನ ಮಾಡಿಕೊಂಡೆ. ವಿಜ್ಞಾನ ಪ್ರದರ್ಶನಕ್ಕೆ ಕಳುಹಿಸಿದ ವರದಿಯಲ್ಲಿ ಒಂದೇ ಸಮಯವನ್ನು ಬರೆದೆ. ಅಂದವಾದ ವರದಿ.

ಇದಾಗಿ ಕೆಲವು ವರ್ಷಗಳ ನಂತರ ನಾನು ಕಾವಲೂರಿಗೆ ಹೋದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ವೀಕ್ಷಣಾಲಯವಿರುವುದು ಗಡಿಯಾಚೆ, ತಮಿಳುನಾಡಿನ ಜವ್ವಾದಿ ಬೆಟ್ಟಗಳಲ್ಲಿ. ಮಧ್ಯಾಹ್ನ ಮಂಗಳೂರು ಸೆಂಟ್ರಲ್‌ನಲ್ಲಿ ಚೆನ್ನೈ ಮೈಲು ಹತ್ತಿದರೆ ಕೇರಳವನ್ನೆಲ್ಲ ಸುತ್ತಿ, ಪಾಲಕ್ಕಾಡು, ಸೇಲಂ ದಾಟಿ ಬೆಳಗಿನ ಜಾವ ಜೋಲಾರಪೇಟೆಯಲ್ಲಿ ಇಳಿಸುತ್ತದೆ. ಮುಂದೆ ಬಸ್ಸಿನಲ್ಲಿ ಆಲಂಗಾಯಂ ಮೇಲಿಂದ ಕಾಡಿನ ದಾರಿ. ಭೂಪಟ ತೆಗೆದು ನೋಡಿ: ಮಂಗಳೂರು ಮತ್ತು ಕಾವಲೂರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ರೇಖಾಂಶದಲ್ಲಿ ನಾಲ್ಕು ಡಿಗ್ರಿ ವ್ಯತ್ಯಾಸ. ಅಂದರೆ ಕಾವಲೂರಿನ ನೆತ್ತಿಗೆ ಬಂದ ನಕ್ಷತ್ರ 16 ನಿಮಿಷ ಕಳೆದು ನಮ್ಮ ಕದ್ರಿ ಗುಡ್ಡದ ಮೇಲೂ ಬರುತ್ತದೆ. ಆಕಾಶ ಒಂದೇ, ಕತ್ತಲೆ ಮಾತ್ರ ಅಲ್ಲಿಯದು.

ಶನಿವಾರ ಸಂಜೆ ಸಾರ್ವಜನಿಕರಿಗೆ ಪ್ರವೇಶ. ಸಂದರ್ಶಕರಿಗೆಂದು ಇಟ್ಟ ಚಿಕ್ಕ ದೂರದರ್ಶಕಕ್ಕೆ ಸಾಲು ನಿಂತು ಕಣ್ಣು ಹಚ್ಚಿದ್ದಾಯಿತು. ಆದರೆ ನಾನು ನೋಡಬೇಕೆಂದು ಹೋದದ್ದು ಬೇರೆಯ ಗುಮ್ಮಟವನ್ನು. ವೈನು ಬಾಪ್ಪು ಅವರ ಹೆಸರು ಹೊತ್ತ 2.3 ಮೀಟರಿನ ದೊಡ್ಡ ದೂರದರ್ಶಕದ್ದಲ್ಲ, ಅದು 1986ರದ್ದು. ಅದಕ್ಕೆ ಹಿರಿಯಣ್ಣನಾದ, 1972ರಲ್ಲಿ ಕೆಲಸಕ್ಕಿಳಿದ ಜರ್ಮನಿಯ ಝೈಸ್ ಕಂಪನಿಯ ಒಂದು ಮೀಟರ್ ದೂರದರ್ಶಕದ್ದು.

ಅದು ಬಂದ ವರ್ಷವೇ ಗುರುಗ್ರಹದ ದೊಡ್ಡ ಚಂದ್ರ ಗ್ಯಾನಿಮೀಡ್ ಒಂದು ನಕ್ಷತ್ರದ ಮುಂದೆ ಹಾದುಹೋಯಿತು. 1972ರ ಜೂನ್ 7. ನಕ್ಷತ್ರದ ಹೆಸರು ಎಸ್‌ಎಒ 186800. ಇದೂ ಹೆಸರಿಲ್ಲದ ಬಡಪಾಯಿ. ನಕ್ಷತ್ರ ಬಹುದೂರದಲ್ಲಿರುವುದರಿಂದ ಅದರ ಬೆಳಕಿನಲ್ಲಿ ಭೂಮಿಯ ಮೇಲೆ ಬೀಳುವ ಗ್ಯಾನಿಮೀಡ್‌ನ ನೆರಳು ಗ್ಯಾನಿಮೀಡ್‌ನಷ್ಟೇ ಅಗಲ, ಅಂದರೆ ಸುಮಾರು 5,270 ಕಿಲೋಮೀಟರ್. ಆ ನೆರಳಿನೊಳಗೆ ಇದ್ದವರಿಗಷ್ಟೇ ಆಟ. ಜಾವಾ ದ್ವೀಪದ ಲೆಂಬಾಂಗ್ ಮತ್ತು ನಮ್ಮ ಕಾವಲೂರು, ಎರಡು ಕಡೆಯಿಂದ ಕಾದರು. ನೆರಳು ದಾಟಲು ಹಿಡಿದ ಸಮಯದಿಂದ ಆ ಚಂದ್ರನ ಅಳತೆ ತಿಳಿಯುತ್ತದೆ. ಸಣ್ಣ ದೂರದರ್ಶಕದಲ್ಲಿ ಚುಕ್ಕಿಗಿಂತ ಹೆಚ್ಚಾಗಿ ಕಾಣದ ವಸ್ತುವನ್ನು ಗಡಿಯಾರ ಹಿಡಿದು ಅಳೆಯುವ ಉಪಾಯ ಇದು.

ಅಂದು ನಕ್ಷತ್ರ ಥಟ್ಟನೆ ಹೋಗಲಿಲ್ಲ, ಸ್ವಲ್ಪ ಸೊರಗಿ ಹೋಯಿತೆಂದು ದಾಖಲೆ ಹೇಳಿತು. ಹಡಗಿನ ಮೈಯಲ್ಲ, ಹೊಗೆ! ಕಾವಲೂರಿನ ಜೆ.ಸಿ. ಭಟ್ಟಾಚಾರ್ಯರೂ ಸೇರಿದಂತೆ ಹಲವು ದೇಶಗಳ ವಿಜ್ಞಾನಿಗಳು ಗ್ಯಾನಿಮೀಡ್‌ಗೆ ತೆಳುವಾದ ವಾತಾವರಣವಿದೆ, ಅದರ ಒತ್ತಡ ಭೂಮಿಯದರ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಎಂದು 1973ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. 1979ರಲ್ಲಿ ವಾಯೇಜರ್ 1 ನೌಕೆ ಗುರುವಿನ ಬಳಿ ಹಾದುಹೋಗುತ್ತ ಇದೇ ಉಪಾಯವನ್ನು ಅತಿನೇರಳೆ ಬೆಳಕಿನಲ್ಲಿ ಮಾಡಿ ನೋಡಿತು. ಅಷ್ಟು ಗಾಳಿ ಅಲ್ಲಿಲ್ಲ. ಇದ್ದರೂ ಅದಕ್ಕಿಂತ ಸಾವಿರಾರು ಪಟ್ಟು ಕಡಿಮೆ ಎಂದಿತು. ಕತೆ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಹಬಲ್ ದೂರದರ್ಶಕ 1990ರ ದಶಕದಲ್ಲಿ ಗ್ಯಾನಿಮೀಡ್‌ನ ಸುತ್ತ ಅತಿ ಅತಿ ವಿರಳವಾದ ಆಮ್ಲಜನಕದ ಸುಳಿವು ಹಿಡಿಯಿತು. ಗಾಳಿ ಉಂಟು, ಇವರು ಹೇಳಿದಷ್ಟಿಲ್ಲ.

ಎರಡನೆಯ ಕತೆ ಇನ್ನೂ ಸ್ವಾರಸ್ಯದ್ದು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ತುಲಾ ರಾಶಿಯ ಒಂದು ಮಂಕು ನಕ್ಷತ್ರದ ಮುಂದೆ ಹಾಯುವುದಿತ್ತು. ಅಮೆರಿಕದ ಜೇಮ್ಸ್ ಎಲಿಯಟ್ ಮತ್ತು ಸಂಗಡಿಗರು ದೂರದರ್ಶಕ ಹೊತ್ತ ವಿಮಾನವೇರಿ ದಕ್ಷಿಣ ಹಿಂದೂ ಮಹಾಸಾಗರದ ಮೇಲೆ ಹಾರುತ್ತಿದ್ದರು. ಕಾವಲೂರಿನಲ್ಲಿ ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಒಂದು ಮೀಟರ್ ದೂರದರ್ಶಕದ ಮುಂದಿದ್ದರು. ಗ್ರಹ ಬರುವುದಕ್ಕೆ ಇನ್ನೂ ಹೊತ್ತಿರುವಾಗಲೇ ನಕ್ಷತ್ರದ ಬೆಳಕು ಕೆಲವು ಸೆಕೆಂಡು ಕುಸಿದು ಮತ್ತೆ ಎದ್ದಿತು. ಏನಿದು? ಮೋಡವೇ? ಯಂತ್ರದ ದೋಷವೇ? ಅವರು ಹೊಡೆದುಹಾಕಲಿಲ್ಲ. ಆಗ ಯುರೇನಸ್‌ಗೆ ಗೊತ್ತಿದ್ದದ್ದು ಐದು ಚಂದ್ರರು. ಇದು ಆರನೆಯದಿರಬೇಕೆಂದು 'ನೇಚರ್' ಪತ್ರಿಕೆಗೆ ಬರೆದರು. ಲೇಖನದ ಶೀರ್ಷಿಕೆಯಲ್ಲೇ ಯುರೇನಸ್‌ನ ಹೊಸ ಉಪಗ್ರಹ ಎಂದಿತ್ತು.

ಅದು ಉಪಗ್ರಹವಾಗಿರಲಿಲ್ಲ. ವಿಮಾನದಲ್ಲಿದ್ದವರಿಗೆ ಗ್ರಹದ ಎರಡೂ ಪಕ್ಕಗಳಲ್ಲಿ ಸಮಸಮನಾಗಿ ಐದೈದು ಕುಸಿತಗಳು ಸಿಕ್ಕಿದ್ದವು. ಐದು ಚಂದ್ರರು ಹೀಗೆ ಎರಡು ಬದಿಗೂ ಜೋಡಿಯಾಗಿ ನಿಲ್ಲುವುದುಂಟೆ? ಅವು ಉಂಗುರಗಳು! ಶನಿಗೆ ಮಾತ್ರ ಇದೆಯೆಂದು ಬಹುಕಾಲದಿಂದ ನಂಬಿದ್ದ ಒಡವೆ ಯುರೇನಸ್‌ಗೂ ಉಂಟೆಂದು ಅಂದು ತಿಳಿಯಿತು. ಕಾವಲೂರಿನವರು ತಮ್ಮ ಹಳೆಯ ದಾಖಲೆಯನ್ನು ಮತ್ತೆ ಹರಡಿಕೊಂಡು ಕುಳಿತರು. ಅದೇ ವರ್ಷ ಭಟ್ಟಾಚಾರ್ಯ ಮತ್ತು ಬಾಪ್ಪು, ಶನಿಯಂಥ ಉಂಗುರ ವ್ಯವಸ್ಥೆಯ ಬಗ್ಗೆ ಅದೇ 'ನೇಚರ್'ನಲ್ಲಿ ಬರೆದರು. ತಪ್ಪಾದದ್ದು ಇಟ್ಟ ಹೆಸರು. ಕುಸಿತ ನಿಜ, ಸಮಯ ನಿಜ. ಬರೆದಿಟ್ಟಿದ್ದರಿಂದ ಹೆಸರು ತಿದ್ದಲು ಸಾಧ್ಯವಾಯಿತು. (ಯುರೇನಸ್‌ನ್ನು 1781ರಲ್ಲಿ ಕಂಡ ಹರ್ಷೆಲ್ ಕೂಡ ಮೊದಲು ಅದನ್ನು ಧೂಮಕೇತು ಎಂದೇ ವರದಿ ಮಾಡಿದ್ದ. ಈ ಗ್ರಹದ ಜಾತಕವೇ ಹಾಗೆ.)

ಗುಮ್ಮಟದ ಕೆಳಗೆ ಚಳಿಯಲ್ಲಿ ನಿಂತು ಇದನ್ನೆಲ್ಲ ಜತೆಗಿದ್ದ ಮಕ್ಕಳಿಗೆ ಉತ್ಸಾಹದಿಂದ ಹೇಳಿದೆ. ಬೆಂಗ್ರೆಯ ಹುಡುಗ ಆಗಲೂ ನನಗೆ ನೆನಪಾಗಲಿಲ್ಲ ಎಂದರೆ ನೀವು ನಂಬಬೇಕು.

ನೆನಪಾದದ್ದು ಕಳೆದ ವರ್ಷ. ಶಾಲೆಯ ಪ್ರಯೋಗಾಲಯದ ಕಪಾಟು ಖಾಲಿ ಮಾಡುವಾಗ ಗೆದ್ದಲು ಹಿಡಿಯದೆ ಉಳಿದಿದ್ದ ಕಟ್ಟಿನಲ್ಲಿ ಆ ನೋಟ್‌ಬುಕ್ ಸಿಕ್ಕಿತು. ಕೆಂಪು ಗೀಟಿನ ಕೆಳಗೆ ಎರಡು ಮೆಟ್ಟಿಲು. ಆ ನಕ್ಷತ್ರದ ಸಂಖ್ಯೆಯನ್ನು ಅವನು ಪುಟದ ಮೇಲ್ತುದಿಯಲ್ಲಿ ದುಂಡಗೆ ಬರೆದಿದ್ದ. ನಾನು ಬರೆಸಿದ ಸಂಖ್ಯೆ. ಕಂಪ್ಯೂಟರಿನ ಮುಂದೆ ಕೂರುವ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಅದನ್ನು ಕಳುಹಿಸಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: 'ಸರ್, ಇದು ಯುಗ್ಮ ನಕ್ಷತ್ರ.' ಕಣ್ಣಿಗೆ ಒಂದೇ ಆಗಿ ಕಾಣುವ, ಒಂದರ ಪಕ್ಕ ಒಂದು ಅಂಟಿಕೊಂಡಂತಿರುವ ಎರಡು ನಕ್ಷತ್ರ. ಚಂದ್ರನ ಅಂಚು ಮೊದಲು ಒಂದನ್ನು, ಕ್ಷಣ ಬಿಟ್ಟು ಇನ್ನೊಂದನ್ನು ಮುಚ್ಚಿತ್ತು. ಮೊದಲು ಅರ್ಧ, ಮತ್ತೆ ಉಳಿದದ್ದು.

ಇದು ನನಗೆ ಗೊತ್ತಿರಬೇಕಾಗಿದ್ದ ವಿಷಯ. 1819ರ ಏಪ್ರಿಲ್ 13ರಂದು ವಿಯೆನ್ನಾದಲ್ಲಿ ಬ್ಯುರ್ಗ್ ಎಂಬಾತ ಚಂದ್ರನ ಮರೆಯಿಂದ ಜ್ಯೇಷ್ಠಾ ನಕ್ಷತ್ರ ಹೊರಬರುವುದನ್ನು ನೋಡುತ್ತಿದ್ದಾಗ ಮೊದಲೊಂದು ಮಂಕು ಚುಕ್ಕಿ, ಕೆಲವು ಸೆಕೆಂಡು ಬಿಟ್ಟು ಕೆಂಪು ಜ್ಯೇಷ್ಠೆ ಕಂಡವು. ಜ್ಯೇಷ್ಠೆಗೆ ಜತೆಗಾರನಿದ್ದಾನೆಂದು ತಿಳಿದದ್ದು ಹಾಗೆ. ಇದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ವಿಯೆನ್ನಾದವನು ಕಂಡರೆ ಶೋಧ, ಬೆಂಗ್ರೆಯವನು ಕಂಡರೆ ಕಣ್ಣು ಮಿಟುಕಿಸಿದ್ದು.

ನೋಟ್‌ಬುಕ್ಕನ್ನು ಮನೆಗೆ ತಂದು ಎರಡು ವಾರ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಕೆಂಪು ಷರಾದ ಕೆಳಗೆ ಏನಾದರೂ ಬರೆಯಬೇಕಿತ್ತು. ಉದ್ದುದ್ದ ಬರೆದು ಬೇರೆ ಕಾಗದದಲ್ಲಿ ಹರಿದುಹಾಕಿದ್ದಾಯಿತು. ಕೊನೆಗೆ ನೀಲಿ ಶಾಯಿಯಲ್ಲಿ, 'ನೀನು ಕಂಡದ್ದು ಸರಿ. ಅದು ಎರಡು ನಕ್ಷತ್ರ. ತಪ್ಪು ನನ್ನದು' ಎಂದು ಬರೆದು ದಿನಾಂಕ ಹಾಕಿ ಸಹಿ ಮಾಡಿದೆ.

ಮೇ ತಿಂಗಳ ಒಂದು ಸಂಜೆ ದಕ್ಕೆಗೆ ಹೋಗಿ ದೋಣಿ ಹತ್ತಿದೆ. ಮೀನಿನ ವಾಸನೆ, ಮಂಜುಗಡ್ಡೆ ಪುಡಿ ಮಾಡುವ ಯಂತ್ರದ ಸದ್ದು, ದಡದುದ್ದಕ್ಕೂ ಒತ್ತೊತ್ತಾಗಿ ಕಟ್ಟಿದ ಬೋಟುಗಳು. ದೋಣಿಯಲ್ಲಿದ್ದ ಹೆಂಗಸರಲ್ಲಿ ವಿಚಾರಿಸಿದಾಗ ಮನೆ ಸುಲಭವಾಗಿ ಸಿಕ್ಕಿತು. ಹುಡುಗ ಇರಲಿಲ್ಲ. ಹುಡುಗನೇನು, ಈಗ ಮೂವತ್ತು ದಾಟಿರಬೇಕು, ಬೋಟಿನ ಚಾಲಕ; ಮೀನಿಗೆ ಹೋಗಿ ನಾಲ್ಕು ದಿನವಾಗಿದೆ, ಬರುವಾಗ ಇನ್ನೊಂದು ವಾರ ಆದೀತು ಎಂದರು ತಾಯಿ. ನಾನು ಶಾಲೆಯ ಮಾಷ್ಟ್ರು ಎಂದದ್ದಕ್ಕೆ ಗಾಬರಿಯಾಗಿ ಕುರ್ಚಿ ಒರೆಸಿ ಹಾಕಿದರು.

'ಎಂತ ಮಾಷ್ಟ್ರೇ, ಆವಾಗಿನ ಫೀಸು ಏನಾದ್ರೂ ಬಾಕಿ ಉಂಟಾ?'

'ಬಾಕಿ ಉಂಟು. ಅವನದ್ದಲ್ಲ, ನನ್ನದು' ಎಂದೆ. ಅವರಿಗೆ ಅರ್ಥವಾಗಲಿಲ್ಲ. ನೋಟ್‌ಬುಕ್ ತೆಗೆದು ಕೊಟ್ಟೆ. ಮಗನ ಅಕ್ಷರವೆಂದು ಗುರುತು ಹಿಡಿದು ಪುಟ ತಿರುವಿದರು. ಕೆಂಪು, ನೀಲಿ ಎರಡನ್ನೂ ನೋಡಿದರು, ಓದಲಿಲ್ಲ. ಚಹಾ ಕುಡಿಯದೆ ಬಿಡಲಿಲ್ಲ. ರಾತ್ರಿ ಬೋಟಿನಲ್ಲಿ ದಾರಿ ಹೇಗೆ ನೋಡುತ್ತಾನಂತೆ ಎಂದು ಕೇಳಿದೆ. ಈಗೆಲ್ಲ ಜಿಪಿಎಸ್ ಉಂಟಲ್ಲ ಎಂದರು. 'ಆದ್ರೂ ಅವನಿಗೆ ಮೇಲೆ ನೋಡುವ ಮರ್ಲು. ಸಣ್ಣದಿರುವಾಗಿಂದ ಹಾಗೆಯೇ.'

ಪಡುವಣದಲ್ಲಿ ಮಳೆಗಾಲದ ಮೊದಲ ಮೋಡಗಳು ಏರುತ್ತಿದ್ದವು. ಅವರು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದು ನೋಟ್‌ಬುಕ್ಕನ್ನು ಎರಡು ಸುತ್ತು ಸುತ್ತಿ, ಒದ್ದೆಯಾಗದ ಹಾಗೆ ಅಟ್ಟದ ಮೇಲಿಟ್ಟರು. ಕೊನೆಯ ದೋಣಿಗೆ ಹೊತ್ತಾಗಿತ್ತು. ನಾನು ಎದ್ದೆ.