ಕಲ್ಲಿನ ನಾಡಿನಲ್ಲಿ ನೆಲಹಾಸಿನ ಶೋಧ

ಮನೆಯ ಹೆಣ್ಣುಮಕ್ಕಳು ಬಿಡುವಿನ ವೇಳೆಯಲ್ಲಿ ಕೈಯಾರೆ ಮಾಡಿದ ಕೌದಿ, ಕಸೂತಿ, ಬುಟ್ಟಿ, ಗೊಂಬೆಗಳನ್ನು ಜಾತ್ರೆಗಳಿಗೂ ಪ್ರದರ್ಶನಗಳಿಗೂ ಒಯ್ದು ಮಾರುವ ಪದ್ಧತಿಯು ನಮ್ಮ ನಾಡಿನಲ್ಲಿ ಬೆಳೆಯುತ್ತಿರುವುದು ಸಂತೋಷದ ಸಂಗತಿಯೇ ಸರಿ. ಇಂತಹ ಮಳಿಗೆಯನ್ನು ಹೂಡುವವರು ಮೇಲಣ ಚಪ್ಪರದ ವಿಚಾರವನ್ನೂ ನಡುವಣ ಮೇಜಿನ ವಿಚಾರವನ್ನೂ ಬೇಕಾದಷ್ಟು ಮಾಡುತ್ತಾರೆ. ಕಾಲ ಕೆಳಗಣ ನೆಲವನ್ನು ಮಾತ್ರ ಮರೆಯುತ್ತಾರೆ. ಆದರೆ ಬೆಳಗಿನಿಂದ ರಾತ್ರಿಯವರೆಗೆ ನಿಂತು ಮಾರುವವಳ ಮೊಣಕಾಲು, ಕೈಜಾರಿ ಕೆಳಗೆ ಬಿದ್ದ ಕೌದಿಯ ಅಂದ, ಒಳಗೆ ಕಾಲಿಡಲೋ ಬೇಡವೋ ಎಂದು ಅನುಮಾನಿಸುವ ಗಿರಾಕಿಯ ಮನಸ್ಸು, ಈ ಮೂರೂ ನೆಲವನ್ನೇ ಅವಲಂಬಿಸಿರುತ್ತವೆ.

ನಮ್ಮ ಪರಿಚಯದ ಐದು ಮನೆಗಳ ಹೆಂಗಸರು ಕೂಡಿ ಕೌದಿ ಹೊಲಿದು ಮಾರುತ್ತಾರೆ. ಹಿಂದಿನ ಒಂದು ಜಾತ್ರೆಯಲ್ಲಿ ಅಕಾಲದ ಮಳೆ ಸುರಿದು, ಮಳಿಗೆಯೊಳಗೆಲ್ಲ ಕೆಸರಾಗಿ, ಎರಡು ಕೌದಿಗಳು ಮಾರಾಟಕ್ಕೆ ಬಾರದಂತಾದವು. ಒಂದೊಂದು ಕೌದಿಯೂ ಒಬ್ಬಾಕೆಯ ಎಷ್ಟೋ ಮಧ್ಯಾಹ್ನಗಳ ದುಡಿಮೆಯಾದುದರಿಂದ ಆ ನಷ್ಟವು ಸಣ್ಣದಾಗಿರಲಿಲ್ಲ. ಹಗುರವೂ ಅಗ್ಗವೂ ಆದ ಒಂದು ನೆಲಹಾಸನ್ನು ಗೊತ್ತುಮಾಡಿಕೊಡಬೇಕೆಂದು ಅವರು ನಮ್ಮನ್ನು ಕೇಳಿಕೊಂಡರು. ನೆಲಹಾಸಿನ ವಿಚಾರವೆಂದಮೇಲೆ ನಾಡಿನ ನೆಲಕ್ಕೆಲ್ಲ ಕಲ್ಲು ಹಾಸಿದ ಸೀಮೆಯನ್ನೇ ನೋಡಿಬರುವುದು ಉಚಿತವೆಂದು ನಾವು ಕಲಬುರಗಿ ಜಿಲ್ಲೆಯ ಪ್ರವಾಸಕ್ಕೆ ಹೊರಟೆವು.

ಮೊದಲು ಇಳಿದುದು ಶಹಾಬಾದದಲ್ಲಿ. ಈ ಭಾಗದ ಭೂಮಿಯೊಳಗೆ ಸುಣ್ಣದಕಲ್ಲು ಪುಸ್ತಕದ ಹಾಳೆಗಳಂತೆ ಪದರು ಪದರಾಗಿ ಮಲಗಿದೆ. ಪದರಿನ ಸಂದಿಗೆ ಉಳಿಯನ್ನಿಟ್ಟು ಬಡಿದು, ಹಾರೆಯಿಂದ ಮೀಟಿದರೆ ಬಂಡೆಯು ಹಲಗೆಯಂತೆ ಮೇಲೇಳುವುದು. ಬೂದಿ, ತಿಳಿನೀಲಿ, ಹಳದಿ ಛಾಯೆಗಳ ಈ ಪರಸಿಕಲ್ಲು ಎಷ್ಟೋ ಮನೆಗಳ ಪಡಸಾಲೆಗೆ ಹಾಸಾಗಿದೆ. ಬೇಸಗೆಯಲ್ಲಿ 40 ಡಿಗ್ರಿಯನ್ನು ಮೀರುವ ಈ ಸೀಮೆಯ ಬಿಸಿಲಿನಲ್ಲಿ ತಿರುಗಿ ಬಂದು, ಮನೆಯೊಳಗಿನ ಪರಸಿಯ ಮೇಲೆ ಮೈ ಚಾಚಿದವರಿಗೆ ಅದರ ಗುಣವನ್ನು ಹೇಳಬೇಕಾದುದಿಲ್ಲ.

ಇಷ್ಟು ಸೊಗಸಾದ ಹಾಸನ್ನೇ ಮಳಿಗೆಗೂ ಒಯ್ಯಬಾರದೇಕೆ ಎಂದು ಕೇಳುವವರು ಸ್ವಲ್ಪ ಲೆಕ್ಕ ಹಾಕಬೇಕು. ಎರಡಡಿ ಚೌಕದ, ಒಂದಂಗುಲ ದಪ್ಪದ ಒಂದು ಕಲ್ಲು ಹೆಚ್ಚುಕಡಿಮೆ 25 ಕಿಲೋ ತೂಗುವುದು. ಹತ್ತಡಿ ಚೌಕದ ಮಳಿಗೆಗೆ ಅಂತಹ 25 ಕಲ್ಲುಗಳು ಬೇಕು; ಎಂದರೆ 6 ಕ್ವಿಂಟಲಿಗೂ ಮಿಕ್ಕ ಭಾರ! ಮೂರು ದಿನದ ಪ್ರದರ್ಶನಕ್ಕೆ ಇದನ್ನು ಹೇರಿಕೊಂಡು ಹೋದರೆ ಕೌದಿಯ ಲಾಭವೆಲ್ಲ ವಾಹನದ ಬಾಡಿಗೆಗೇ ಸಲ್ಲುವುದು. ಕಲ್ಲು ನೆಲೆಯಾಗಿ ನಿಂತವರ ಹಾಸು. ಊರೂರು ತಿರುಗುವವರದು ಬೇರೆಯೇ ಆಗಬೇಕೆಂಬ ಮೊದಲ ಪಾಠವನ್ನು ನಾವು ಕಲ್ಲಿನಿಂದಲೇ ಕಲಿತೆವು.

ಅಲ್ಲಿಂದ ರೈಲಿನಲ್ಲಿ ವಾಡಿಗೆ ಬಂದೆವು. ಮುಂಬಯಿಯಿಂದ ಚೆನ್ನೈಗೆ ಹೋಗುವ ದಾರಿಯಿಂದ ಸಿಕಂದರಾಬಾದಿನ ದಾರಿ ಕವಲೊಡೆಯುವುದು ಇಲ್ಲಿಯೇ. ನಿಜಾಮರ ರಾಜ್ಯದ ಆ ಕವಲು 1874ರಲ್ಲಿ ತೆರೆಯಿತು. ಇಲ್ಲಿ ಗಾಡಿ ಬದಲಿಸುವ ಪ್ರಯಾಣಿಕರು ಗಂಟುಮೂಟೆಗಳನ್ನು ಹೊತ್ತು ಮೆಟ್ಟಿಲೇರಿ ಇಳಿಯುವುದನ್ನು ನೋಡುತ್ತ ನಿಂತಾಗ ನಮಗೆ ಎರಡನೆಯ ಪಾಠ ದೊರೆಯಿತು. ಹಾಸಿನ ಹಗುರವನ್ನು ಅಂಗಡಿಯ ತಕ್ಕಡಿಯಲ್ಲಿ ಅಳೆಯಬಾರದು. ಅದನ್ನು ಹೆಗಲಿಗೇರಿಸಿ ಒಬ್ಬಳೇ ಮೇಲ್ಸೇತುವೆಯನ್ನು ಹತ್ತಬಲ್ಲಳೇ ಎಂದು ನೋಡಬೇಕು. ಹತ್ತಡಿಯ ಹಾಸನ್ನು ಇಡಿಯಾಗಿ ಕೊಂಡರೆ ಸುರುಳಿಯು ಆಳಿಗಿಂತ ಉದ್ದವಾಗಿ, ಬಸ್ಸಿನ ಬಾಗಿಲಲ್ಲಿಯೇ ಜಗಳ ಹುಟ್ಟುವುದು. ಐದಡಿ ಅಗಲ, ಹತ್ತಡಿ ಉದ್ದದ ಎರಡು ತುಂಡುಗಳಾದರೆ ಸುರುಳಿಯು ಐದಡಿಗೆ ನಿಲ್ಲುವುದು. ಇಬ್ಬರು ಒಂದೊಂದನ್ನು ಹೊರಬಹುದು.

ಮುಂದಿನ ನಿಲುಗಡೆ ಚಿತ್ತಾಪುರ. ಸಮೀಪದ ನಾಗಾವಿಯಲ್ಲಿ ಚಾಲುಕ್ಯರ ಕಾಲದಲ್ಲಿ ದೊಡ್ಡ ಘಟಿಕಾಸ್ಥಾನವಿದ್ದಿತು. ಅದರ ಕಲ್ಲುಕಂಬಗಳ ನಡುವೆ ಸ್ವಲ್ಪ ಹೊತ್ತು ಕುಳಿತು, ಬಳಿಕ ಊರ ಸಂತೆಯ ಕಡೆಗೆ ನಡೆದೆವು. ನಮಗೆ ಬೇಕಾದ ವಿದ್ಯೆ ಅಲ್ಲಿತ್ತು. ಬೆಳಿಗ್ಗೆ ಹರವಿ ಸಂಜೆಗೆ ಸುತ್ತಿಡುವ ಹಾಸುಗಳ ವಿಷಯದಲ್ಲಿ ಸಂತೆಯವರಿಗಿಂತ ಬಲ್ಲವರು ಯಾರು? ಕೆಳಗೆ ತಾಡಪತ್ರಿ, ಮೇಲೆ ಗೋಣಿತಟ್ಟು ಹಾಸಿ ಕಾಯಿಪಲ್ಯ ಮಾರುತ್ತಿದ್ದ ಒಬ್ಬ ಮುದುಕಿಯನ್ನು, “ಅವ್ವಾ, ಎರಡೇಕೆ? ಒಂದು ಸಾಲದೇ?” ಎಂದು ಕೇಳಿದೆವು. “ಮೊದಲ ನೆಲ ನೋಡ್ರಿ ಅಣ್ಣೋರೆ, ಆಮ್ಯಾಲ ಹಾಸೋದು ನೋಡ್ರಿ. ಕೆಳಗಿಂದು ಹಸಿ ತಡೀಲಾಕ, ಮ್ಯಾಲಿಂದು ಕೂಡಲಾಕ” ಎಂದು ಆಕೆ ನಕ್ಕಳು. ಹಸಿಯನ್ನು ತಡೆಯುವುದು ಒಂದು ಕೆಲಸ, ಕಾಲಿಗೆ ಹಿತವಾಗುವುದು ಇನ್ನೊಂದು. ಎರಡನ್ನೂ ಒಂದೇ ಹಾಸಿನಿಂದ ಬೇಡುವುದರಿಂದಲೇ ಜನರು ಹೆಚ್ಚು ಹಣ ತೆರುತ್ತಾರೆ.

ಚಿತ್ತಾಪುರದಿಂದ ಸೇಡಂಗೆ ಹೋಗುವಾಗ ನಡುವೆ ಮಳಖೇಡದ ರಸ್ತೆ ಸಿಕ್ಕುವುದು. ಕಾಗಿಣಾ ತೀರದ ಆ ಊರು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನು ಆಳಿದ ನೆಲ. ಸೇಡಮಿನಲ್ಲಿ 2025ರ ಜನವರಿ ಕೊನೆಯಿಂದ ಫೆಬ್ರವರಿ ಆರಂಭದವರೆಗೆ ಭಾರತೀಯ ಸಂಸ್ಕೃತಿ ಉತ್ಸವವು ನಡೆದಾಗ ಸಾವಿರಾರು ಜನರು ನೆರೆದಿದ್ದರು. ಇಂತಹ ದೊಡ್ಡ ನೆರವಿಗಳು ಬಯಲಿನಲ್ಲಿಯೇ ನಡೆಯತಕ್ಕವು. ಇಲ್ಲಿಯ ಬಯಲೆಂದರೆ ತೊಗರಿ, ಜೋಳ ಬೆಳೆಯುವ ಎರೆನೆಲ. ಒಣಗಿದಾಗ ಅಂಗೈಯಗಲ ಬಿರುಕು ಬಿಡುವುದು; ನಾಲ್ಕು ಹನಿ ಬಿದ್ದರೆ ಚಪ್ಪಲಿಗೆ ಮೆತ್ತಿ ಕಾಲನ್ನೇ ಬಿಡದು. ಇಂತಹ ನೆಲದಲ್ಲಿ ಮಳಿಗೆಯ ಸುತ್ತ ಗೇಣಗಲದ ಕಾಲುವೆ ತೋಡಿ, ಒಳಗೆ ಗರಸು ಹರಡಿ ತುಳಿದು, ಅದರ ಮೇಲೆ ತಾಡಪತ್ರಿ ಹಾಸತಕ್ಕದ್ದು. ತಾಡಪತ್ರಿಯ ಅಂಚು ಚಪ್ಪರದಿಂದಾಚೆಗೆ ಚಾಚಿರಬಾರದು. ಚಾಚಿದರೆ ಮಳೆಯ ನೀರನ್ನು ಅದೇ ಒಳಗೆ ಕರೆತರುವುದು.

ಮೇಲಣ ಹಾಸಿಗೆ ಪೇಟೆಯಲ್ಲಿ ಹಲವು ವಸ್ತುಗಳು ದೊರೆಯುತ್ತವೆ. ಒಂದಕ್ಕೊಂದು ಹಲ್ಲು ಕೂಡಿಸುವ ಸ್ಪಂಜಿನ ಬಿಲ್ಲೆಗಳು ಮೊಣಕಾಲಿಗೆ ಬಹಳ ಹಿತ. ಆದರೆ ಮೇಜಿನ ಕಾಲು ಅವುಗಳಲ್ಲಿ ಕುಳಿ ಕೊರೆಯುವುದು, ಬೆಂಕಿಯ ಕಿಡಿಗೆ ಅವು ನಿಲ್ಲವು. ಪ್ಲಾಸ್ಟಿಕ್ ಚಾಪೆಯು ಎಲ್ಲಕ್ಕಿಂತ ಹಗುರ, ತೊಳೆದರೆ ಕ್ಷಣದಲ್ಲಿ ಒಣಗುವುದು. ಆದರೆ ಗಾಳಿಗೆ ಏಳುವುದು, ಬಿಸಿಲಿಗೆ ಬೇಗ ಮುರಿಯುವುದು. ಕೃತಕ ಹುಲ್ಲು ಕಣ್ಣಿಗೆ ಚೆಂದ. ಅದರೊಳಗೆ ಬಿದ್ದ ಸೂಜಿಯನ್ನು ಹುಡುಕುವುದು ದೇವರಿಗೂ ಕಷ್ಟ. ಹತ್ತಿಯ ಜಮಖಾನವು ಹೆಜ್ಜೆಗೆ ಮೃದು, ಮಡಿಸಲು ಸುಲಭ, ವರ್ಷಾನುವರ್ಷ ಬಾಳುವುದು. ಒದ್ದೆಯಾದರೆ ಮಾತ್ರ ಭಾರ. ಕೆಳಗೆ ತಾಡಪತ್ರಿಯಿದ್ದಲ್ಲಿ ಆ ದೋಷವು ಬಹುಮಟ್ಟಿಗೆ ಕಳೆಯುವುದು.

ಸೇಡಮಿನಿಂದ ಉತ್ತರಕ್ಕೆ ಬಸ್ಸಿನಲ್ಲಿ ಚಿಂಚೋಳಿಗೆ ಹೋಗುವಾಗ ನಾಡಿನ ಬಣ್ಣವೇ ಬದಲಾಯಿತು. ಅತ್ತ ಗುಡ್ಡ, ಕಾಡು, ಕೆಂಪು ಮಣ್ಣು, ಅಲ್ಲಲ್ಲಿ ಲಂಬಾಣಿ ತಾಂಡಾಗಳು. 2011ರಲ್ಲಿ ವನ್ಯಧಾಮವೆಂದು ಘೋಷಿತವಾದ ಕಾಡಿನ ಅಂಚಿನಲ್ಲಿ ಒಂದು ತಾಂಡಾದ ಹೆಂಗಸರು ಕನ್ನಡಿ ಬಿಲ್ಲೆಗಳ ಕಸೂತಿಯನ್ನು ಮಣ್ಣುಬಣ್ಣದ ಒಂದು ಹಳೆಯ ಹಾಸಿನ ಮೇಲೆ ಹರವಿದ್ದರು. ಹಾಸು ಮಂಕಾದುದರಿಂದಲೇ ಕಸೂತಿಯು ಮಿಂಚುತ್ತಿತ್ತು. ಧೂಳು ಕೂತುದೂ ಕಾಣುತ್ತಿರಲಿಲ್ಲ. ಹೂಬಳ್ಳಿಗಳ ಹಾಸನ್ನು ಹರಡಿ ಅದರ ಮೇಲೆ ಹೂಬಳ್ಳಿಯ ಕೌದಿಯನ್ನಿಟ್ಟರೆ ಗಿರಾಕಿಯು ಯಾವುದನ್ನು ನೋಡಬೇಕು?

ಊರಿಗೆ ಮರಳಿ ನಾವು ಆ ಹೆಂಗಸರಿಗೆ ಹೇಳಿದುದು ಇಷ್ಟು: ದಪ್ಪನೆಯ ಒಂದು ತಾಡಪತ್ರಿ, ಅದರ ಮೇಲೆ ಐದಡಿ ಅಗಲದ, ಚಿತ್ರವಿಲ್ಲದ, ಮಣ್ಣುಬಣ್ಣದ ಎರಡು ಜಮಖಾನ. ಅವು ಕೂಡುವ ಗೆರೆಯು ಮೇಜಿನ ಅಡಿಯಲ್ಲಿ ಬರಲಿ, ನಡೆಯುವ ದಾರಿಯಲ್ಲಿ ಬೇಡ. ಮುದುಕರು ಎಡವುವುದು ಅಲ್ಲಿಯೇ. ಮಾರುವವಳು ನಿಲ್ಲುವ ಜಾಗದಲ್ಲಿ ಮಾತ್ರ, ಮಡಿಸಿದ ಗೋಣಿತಟ್ಟಿನ ಮೇಲೆ ಒಂದು ಹಳೆಯ ಕೌದಿಯಿರಲಿ. ಅದಕ್ಕೆ ಖರ್ಚೇ ಇಲ್ಲ. ಗಾಳಿಗೆ ಅಂಚು ಏಳದಂತೆ ನಾಲ್ಕು ಮೂಲೆಗಳಿಗೆ, ಕಾಲಿಗೆ ತಾಗದೆಡೆಯಲ್ಲಿ, ಭಾರವಿಡಬೇಕು.

ಆ ಭಾರಕ್ಕೆಂದು ನಾವು ಶಹಾಬಾದದಿಂದ ಅರ್ಧ ಅಡಿ ಚೌಕದ ನಾಲ್ಕು ಕಲ್ಲಿನ ತುಣುಕುಗಳನ್ನು ತಂದಿದ್ದೆವು. ಒಂದೊಂದು ಒಂದೂವರೆ ಕಿಲೋ ಮಾತ್ರ. ಗಣಿಯ ಬದಿಯಲ್ಲಿ ಅಂತಹ ತುಣುಕುಗಳು ರಾಶಿಯಾಗಿ ಬಿದ್ದಿರುತ್ತವೆ. ಆ ಮನೆಗಳವರು ಅವುಗಳನ್ನು ಚೆನ್ನಾಗಿ ತಿಕ್ಕಿ ತೊಳೆದು ಗಂಟಿನಲ್ಲಿ ಇಟ್ಟುಕೊಂಡಿದ್ದಾರೆ. ಮುಂದಿನ ಜಾತ್ರೆಯಲ್ಲಿ ಮಳೆ ಬಂದರೂ ಬರಲಿ, ಕೌದಿಗಳು ಕೆಸರಾಗದೆ ಮನೆ ಸೇರುವುವೆಂಬ ಧೈರ್ಯ ಈಗ ಅವರಿಗೆ ಉಂಟಾಗಿದೆ.