ಬಾಗಿಲ ಪಕ್ಕದ ಹಲಗೆ

ನಿಮ್ಮ ದೇವಾಲಯದ ಬಾಗಿಲ ಪಕ್ಕದಲ್ಲಿಯೂ ಒಂದು ಕಪ್ಪು ಹಲಗೆ ಇರಬಹುದು. ಹುಮನಾಬಾದಿನ ನಮ್ಮ ಧರ್ಮಕೇಂದ್ರದಲ್ಲಿ ಆ ಹಲಗೆಯ ಮೇಲೆ ಬಲಿಪೂಜೆಯ ಸಮಯವನ್ನೂ ವಾರದ ಪ್ರಕಟಣೆಗಳನ್ನೂ ಹಲವು ವರ್ಷಗಳಿಂದ ಬರೆಯುತ್ತ ಬಂದವನು ನಾನು. ಶಾಲಾ ಮಾಸ್ತರನ ಅಕ್ಷರವೆಂದು ಆ ಸೇವೆ ನನ್ನ ಪಾಲಿಗೆ ಬಂದಿತ್ತು. ನಾನು ನಿವೃತ್ತನಾದ ವರ್ಷ ಗುರುಗಳು, "ಮಾಸ್ತರರೇ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋದ ನಮ್ಮವರು ಈ ಹಲಗೆಯನ್ನು ನೋಡುವುದು ಹೇಗೆ? ನಮಗೊಂದು ವೆಬ್‌ಸೈಟ್ ಮಾಡಿಕೊಡಿ" ಎಂದರು. ಒಪ್ಪಿಕೊಂಡೆ. ತಿಳಿಯದವನಿಗೆ ಧೈರ್ಯ ಹೆಚ್ಚು.

ಒಂದು ಪುಸ್ತಕವನ್ನಿಟ್ಟುಕೊಂಡು ಎರಡು ತಿಂಗಳಲ್ಲಿ ಎಚ್‌ಟಿಎಮ್‌ಎಲ್‌ನ ಹತ್ತಿಪ್ಪತ್ತು ಗುರುತುಗಳನ್ನು ಕಲಿತೆ. ಕಲಿತದ್ದನ್ನೆಲ್ಲ ಒಂದೇ ಪುಟದಲ್ಲಿ ಸುರಿದೆ. ಕೆಂಪು ಹಿನ್ನೆಲೆ, ನೀಲಿ ಅಕ್ಷರ, ಬಲದಿಂದ ಎಡಕ್ಕೆ ಓಡುವ ಸ್ವಾಗತದ ಸಾಲು, ದೇವಾಲಯದ ದೊಡ್ಡ ಚಿತ್ರ, ಅದರ ಕೆಳಗೆ ಮತ್ತೊಂದು ಚಿತ್ರವಾಗಿ ಪೂಜಾಸಮಯದ ಭಿತ್ತಿಪತ್ರ. ನಮ್ಮೂರ ವೀರಭದ್ರೇಶ್ವರ ಜಾತ್ರೆಯ ಅಂಗಡಿ ಸಾಲಿನಂತೆ ಅದು ಮಿನುಗುತ್ತಿತ್ತು. ಎಲ್ಲರೂ ಹೊಗಳಿದರು. ನಾನೂ ನಂಬಿದೆ.

ಮರುವರ್ಷದ ಬೇಸಿಗೆಯಲ್ಲಿ ಭಾನುವಾರದ ಪೂಜೆಯನ್ನು ಎಂಟೂವರೆಯಿಂದ ಏಳೂವರೆಗೆ ತರಲಾಯಿತು. ಹಲಗೆಯ ಮೇಲೆ ಅಂದೇ ತಿದ್ದಿದೆ. ವೆಬ್‌ಸೈಟಿನಲ್ಲಿ ಸಮಯವು ಚಿತ್ರದೊಳಗೆ ಸೇರಿಕೊಂಡಿದ್ದರಿಂದ ಇಡೀ ಭಿತ್ತಿಪತ್ರವನ್ನೇ ಮತ್ತೆ ಮಾಡಬೇಕಿತ್ತು. ಮುಂದಿನ ವಾರ ಮಾಡಿದರಾಯಿತೆಂದು ಬಿಟ್ಟೆ. ಆ ಭಾನುವಾರವೇ ಪುಣೆಯಿಂದ ಒಂದು ಕುಟುಂಬ ಬಂದಿತ್ತು. ತಾಯಿಯ ಮೊದಲ ವರ್ಷದ ಸ್ಮರಣೆಯ ಪೂಜೆ. ರಾತ್ರಿಯಿಡೀ ಪ್ರಯಾಣ ಮಾಡಿ ಅವರು ಒಳಗೆ ಕಾಲಿಟ್ಟಾಗ ಅಂತಿಮ ಆಶೀರ್ವಾದ ನಡೆಯುತ್ತಿತ್ತು. ತಾಯಿಯ ಹೆಸರನ್ನು ಓದಿದಾಗ ಮಕ್ಕಳಲ್ಲಿ ಒಬ್ಬರೂ ಅಲ್ಲಿರಲಿಲ್ಲ. ಹಿರಿಯ ಮಗ ಸಿಟ್ಟಾಗಲಿಲ್ಲ. "ಮಾಸ್ತರ್, ಫೋನಿನ್ಯಾಗ ನೋಡೇ ಬಂದೀವ್ರೀ" ಎಂದಷ್ಟೇ ಹೇಳಿ ಹೊರಗಿನ ಕಟ್ಟೆಯ ಮೇಲೆ ಕುಳಿತ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು.

ಅನಂತರ ನಾನು ನಿಜವಾಗಿ ಕಲಿಯಲು ಹೊರಟೆ. ಬಸವಕಲ್ಯಾಣದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈ ಉದ್ಯೋಗದಲ್ಲಿದ್ದಾಳೆ. ಶನಿವಾರಗಳಂದು ಬಸ್ಸು ಹತ್ತಿ, ಸಸ್ತಾಪುರ ಬಂಗಲೆಯ ಬಳಿ ಹೆದ್ದಾರಿಯಿಂದ ತಿರುಗಿ ಅವಳ ಮನೆಗೆ ಹೋಗುತ್ತಿದ್ದೆ. ನನ್ನ ಪುಟವನ್ನು ನೋಡಿ ಅವಳು ನಗಲಿಲ್ಲ. "ಸರ್, ನೀವು ಹಲಗಿ ಮ್ಯಾಲ ಹಿಂಗ ಬರೀತಿದ್ರೇನು?" ಎಂದಳು. ಅದೇ ಮೊದಲ ಪಾಠ. ಎರಡನೆಯದು ಇನ್ನೊಂದು ಪ್ರಶ್ನೆ: "ಇಲ್ಲಿಗೆ ಬರೋರು ಏನ್ ಹುಡುಕ್ಕೋತ ಬರ್ತಾರ?" ಪೂಜೆ ಎಷ್ಟು ಗಂಟೆಗೆ, ದೇವಾಲಯ ಎಲ್ಲಿದೆ, ಮನೆಯಲ್ಲಿ ಕಾಯಿಲೆಯವರಿದ್ದರೆ ಯಾರಿಗೆ ಫೋನ್ ಮಾಡಬೇಕು: ಮೂರೇ ಸಂಗತಿಗಳು. ಮೂರೂ ನನ್ನ ಪುಟದ ತಳದಲ್ಲಿದ್ದವು.

ಪ್ರವಾದಿ ಹಬಕ್ಕೂಕನಿಗೆ ದೇವರು ದರ್ಶನವನ್ನು ಹಲಗೆಗಳ ಮೇಲೆ ಸ್ಪಷ್ಟವಾಗಿ ಬರೆಯಲು ಆಜ್ಞಾಪಿಸಿದ್ದು ನಿಮಗೆ ನೆನಪಿರಬಹುದು. ಓದುವವನು ಓಡುತ್ತಿರಬಹುದು ಎಂಬ ಕಾಳಜಿ ಅಲ್ಲಿದೆ. ನನ್ನ ಪುಟದಲ್ಲಿ ಅಕ್ಷರಗಳೇ ಓಡುತ್ತಿದ್ದವು; ಓದುವವನು ನಿಂತು ಕಾಯಬೇಕಿತ್ತು!

ಬಣ್ಣದ ವಿಷಯಕ್ಕೂ ಲೆಕ್ಕವಿದೆಯೆಂದು ಆಗ ತಿಳಿಯಿತು. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರವನ್ನು ಅಳೆಯುತ್ತಾರೆ. ಬಿಳಿಯ ಮೇಲೆ ಕಪ್ಪಿಗೆ 21:1. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1 ಇರಬೇಕೆಂದು ವೆಬ್‌ನ ಅಂತರರಾಷ್ಟ್ರೀಯ ಮಾರ್ಗಸೂಚಿ 2008ರಲ್ಲಿಯೇ ಹೇಳಿದೆ. ನನ್ನ ಕೆಂಪಿನ ಮೇಲಿನ ನೀಲಿಗೆ ಸಿಕ್ಕಿದ್ದು ಎರಡಕ್ಕಿಂತ ತುಸು ಹೆಚ್ಚು. ಕಣ್ಣಿಗೆ ಪೊರೆ ಬಂದ ನಮ್ಮ ಅಜ್ಜಿಯರು ಅದನ್ನು ಓದಿದ್ದಾದರೂ ಹೇಗೆ? ಓದಿರಲಿಲ್ಲ, ಅಷ್ಟೇ.

ಕನ್ನಡಕ್ಕೆ ಅದರದೇ ಬೇಡಿಕೆಗಳಿವೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗಿಳಿಯುತ್ತವೆ, ಗುಣಿತದ ಕೊಂಬುಗಳು ಮೇಲೇರುತ್ತವೆ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರದಲ್ಲಿ ಅವು ಒಂದಕ್ಕೊಂದು ತಾಗುತ್ತವೆ. ಸಿಎಸ್‌ಎಸ್‌ನಲ್ಲಿ ಆ ಅಂತರವನ್ನು ಅಕ್ಷರದ ಅಳತೆಯ 1.7ರಷ್ಟು ಮಾಡಿದ ಕೂಡಲೇ ಪುಟ ಉಸಿರಾಡಿತು. ಇನ್ನು ಧರ್ಮಕೇಂದ್ರದ ಚರಿತ್ರೆ. ಅದನ್ನು ಹಿಂದೊಮ್ಮೆ ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿಸಿದ್ದೆವು. ಹಾಗೆಯೇ ತಂದು ಅಂಟಿಸಿದಾಗ ಕನ್ನಡ ಮಾಯವಾಗಿ ಅರ್ಥವಿಲ್ಲದ ರೋಮನ್ ಅಕ್ಷರಗಳು ತುಂಬಿಕೊಂಡವು. ಯೂನಿಕೋಡಿಗೆ ಪರಿವರ್ತಿಸದ ಹೊರತು ಅದನ್ನು ಬೇರೆಯವರ ಫೋನೂ ಓದದು, ಹುಡುಕುಯಂತ್ರವೂ ಕಾಣದು. ಪರಿವರ್ತಿಸಿದ ಮೇಲೆಯೂ ಅರ್ಕಾವತ್ತುಗಳನ್ನು ಕೂತು ಸರಿಪಡಿಸಬೇಕಾಯಿತು.

ನಾಲ್ಕು ಎಂಬಿಯ ದೇವಾಲಯದ ಚಿತ್ರವನ್ನು ಇನ್ನೂರು ಕೆಬಿಗೆ ಇಳಿಸಿದೆವು. ಬಸ್ ನಿಲ್ದಾಣದ ದುರ್ಬಲ ಸಿಗ್ನಲ್ಲಿನಲ್ಲಿಯೂ ಪುಟ ತೆರೆಯಿತು. ಚಿತ್ರಕ್ಕೊಂದು ವಿವರಣೆಯ ಸಾಲನ್ನು ಸೇರಿಸಿದೆವು. ಕಣ್ಣು ಕಾಣದವರಿಗೆ ಅವರ ಫೋನು ಆ ಸಾಲನ್ನು ಓದಿ ಹೇಳುತ್ತದೆ.

ಈ ಮಾಧ್ಯಮ ಧರ್ಮಸಭೆಗೆ ಹೊಸದೇನಲ್ಲ. ಟಿಮ್ ಬರ್ನರ್ಸ್-ಲೀ ರೂಪಿಸಿದ ವೆಬ್ಬನ್ನು ಜಿನೀವಾದ ಸರ್ನ್ ಸಂಸ್ಥೆ 1993ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿತು; 1995ರ ಕ್ರಿಸ್ಮಸ್ಸಿಗೆ ವ್ಯಾಟಿಕನ್ನಿನ ವೆಬ್‌ಸೈಟ್ ಆರಂಭವಾಯಿತು. ಅದರ ಗಣಕಗಳಿಗೆ ಮಿಖಾಯೇಲ, ಗಬ್ರಿಯೇಲ, ರಫಾಯೇಲ ಎಂಬ ಮಹಾದೂತರ ಹೆಸರುಗಳನ್ನಿಟ್ಟಿದ್ದರು. 2024ರಲ್ಲಿ ವ್ಯಾಟಿಕನ್ ನ್ಯೂಸ್ ಕನ್ನಡದಲ್ಲಿಯೂ ಬಂದಿತು. ಹನ್ನೆರಡನೆಯ ಶತಮಾನದಲ್ಲಿ ಶರಣರು ಜನರ ಮಾತಿನಲ್ಲಿಯೇ ವಚನಗಳನ್ನು ನುಡಿದ ಕಲ್ಯಾಣದಲ್ಲಿ ಕುಳಿತು ಇದನ್ನೆಲ್ಲ ಕಲಿಯುವಾಗ, ನನ್ನ ಓಡುವ ಸಾಲಿನ ಬಗ್ಗೆ ಮತ್ತಷ್ಟು ನಾಚಿಕೆಯಾಯಿತು.

ಈಗ ಶನಿವಾರ ಸಂಜೆ ಹಲಗೆಯ ಮೇಲೆ ಬರೆದು, ಕೈಯ ಸುಣ್ಣವನ್ನು ತೊಳೆದು, ಪುಟವನ್ನೂ ತಿದ್ದುತ್ತೇನೆ. ಸಮಯದ ಪಕ್ಕದಲ್ಲಿ ತಿದ್ದಿದ ದಿನಾಂಕವಿರುತ್ತದೆ. ಪುಣೆಯ ಆ ಮಗನಿಗೆ ಕ್ಷಮೆ ಕೋರಿ ಪತ್ರ ಬರೆದಿದ್ದೆ. ಅವನ ಉತ್ತರದಲ್ಲಿ ಒಂದೇ ಕೋರಿಕೆಯಿತ್ತು: ಸಮಾಧಿಸ್ಥಳಕ್ಕೆ ಹೋಗುವ ದಾರಿಯನ್ನೂ ಪುಟದಲ್ಲಿ ಹಾಕಬೇಕು, ಅಲ್ಲಿಯೇ ಹುಟ್ಟಿ ಬೆಳೆಯುತ್ತಿರುವ ತನ್ನ ಮಕ್ಕಳಿಗೆ ಅದು ತಿಳಿಯದು. ಆ ಪುಟ ಇನ್ನೂ ಆಗಿಲ್ಲ. ಬರುವ ಶನಿವಾರ ಅದಕ್ಕೆಂದೇ ಕಲ್ಯಾಣದ ಬಸ್ಸು ಹತ್ತುತ್ತೇನೆ.